ಕುಮಾರೇಶ ನೀರಿಗಿಳಿದನಾ?

ಎಲ್ ಎಹಿದೋ, ಸ್ಪೇನ್
೧ ಮಾರ್ಚ್ ೨೦೨೫

ಅಜ್ಜೀ,

ಪಕ್ಕದ ಮನೆ ಶಾಂತಿಯ ಫೋನಿಗೆ ಮಾಡಿದರೆ ಅವಳು ಸ್ಪೀಕರ್ ಹಾಕಿ ಬೀದಿಗೆಲ್ಲ ಕೇಳಿಸುತ್ತಾಳೆ. ನೀನು ಫೋನು ಮುಟ್ಟುವುದಿಲ್ಲ. ಅಪ್ಪನ ಫೋನಿಗೆ ಮಾಡುವಂತಿಲ್ಲ. ಅದಕ್ಕೇ ಈ ಕಾಗದ. ಕನ್ನಡದಲ್ಲಿ ಬರೆದರೆ ಆ ಮನೆಯಲ್ಲಿ ನಿನ್ನನ್ನು ಬಿಟ್ಟು ಯಾರಿಗೂ ಓದಲು ಬರುವುದಿಲ್ಲ, ಅದೂ ಒಂದು ಅನುಕೂಲ. ಅಪ್ಪ, ನಾನು, ಇವರು, ಮೂವರೂ ತಮಿಳು ಶಾಲೆಯವರು. ನನ್ನ ಬೆರಳು ಹಿಡಿದು ನೀನು ಅಕ್ಕಿಯ ಮೇಲೆ ಅ ಆ ಇ ಈ ತಿದ್ದಿಸಿದೆ. ಅಪ್ಪನಿಗೆ ಕಲಿಸಲು ಹೋದಾಗ ಅಕ್ಕಿ ತಟ್ಟೆ ಬಿಟ್ಟು ಓಡಿಹೋಗಿದ್ದರು ಅಂತ ನೀನೇ ಹೇಳುತ್ತಿದ್ದೆ.

ನಾವು ಚೆನ್ನಾಗಿದ್ದೇವೆ. ನಮ್ಮ ಹೊಸೂರು ಕಡೆ ಗುಲಾಬಿಗೆ ಹಾಕುವ, ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್ ಇಲ್ಲಿ ದಪ್ಪ ಮೆಣಸಿನಕಾಯಿಗೆ, ಟೊಮೇಟೊಗೆ. ಕೆಲಸ ಅದೇ, ಬಿಸಿಲೂ ಹೆಚ್ಚುಕಮ್ಮಿ ಅದೇ. ಗುಡ್ಡದ ಮೇಲಿಂದ ನೋಡಿದರೆ ಕಣ್ಣು ಹರಿಯುವಷ್ಟು ದೂರ ಬಿಳಿ ಪ್ಲಾಸ್ಟಿಕ್ಕು. ಹೊಸಬರು ಅದನ್ನೇ ಸಮುದ್ರ ಅಂದುಕೊಳ್ಳುತ್ತಾರೆ.

ಈಗ ವಿಷಯ. ಜೂನ್ ಬಂದರೆ ಇಲ್ಲಿ ಗಿಡ ಕಿತ್ತು ಪಾಲಿಹೌಸ್ ಖಾಲಿ ಮಾಡುತ್ತಾರೆ. ಸ್ವಲ್ಪ ದಿನ ನಮಗೆ ರಜೆ. ಜುಲೈ ಮೊದಲ ವಾರ ನೆರ್ಹಾ ಅನ್ನುವ ಊರಿಗೆ ಹೋಗೋಣ ಅಂತಿದ್ದೇವೆ. ಸಮುದ್ರದ ಮೇಲಕ್ಕೆ ಚಾಚಿದ ದೊಡ್ಡ ಕಟ್ಟೆ ಇದೆ, ಸುಣ್ಣ ಬಳಿದ ಬಿಳಿ ಮನೆಗಳು, ಓಣಿಯ ತುಂಬ ಹೂವಿನ ಕುಂಡ. ನೀನೂ ಬರಬೇಕು. ಪಾಸ್‌ಪೋರ್ಟ್ ಮಾಡಿಸು. ವಿಮಾನದಲ್ಲಿ ಕೈ ಹಿಡಿದು ಕೂರಿಸುವುದಕ್ಕೆ ಜನ ಇರುತ್ತಾರೆ.

ಹೋದ ಭಾನುವಾರ ಇಲ್ಲೇ ಹತ್ತಿರದ ದಂಡೆಗೆ ಹೋಗಿದ್ದಾಗ ತೆಗೆಸಿದ ಫೋಟೋ ಇಟ್ಟಿದ್ದೇನೆ. ಇವರು ನೀರಿಗೆ ಇಳಿದಿಲ್ಲ ಅಂತ ನಗಬೇಡ. ನೀರು ತಣ್ಣಗಿತ್ತು.

ಪವಿತ್ರ


ಸಾನಮಾವು
೨೪ ಮಾರ್ಚ್ ೨೦೨೫

ಪವಿತ್ರಾ,

ಕಾಡಿನಿಂದ ಆನೆ ಇಳಿದಿದೆ ಅಂತ ಪೋಸ್ಟಿನವನು ಈ ಕಡೆ ತಲೆ ಹಾಕಿರಲಿಲ್ಲ. ನಿನ್ನೆ ಬಂದ. ಆನೆಗಿಂತ ಮೊದಲು ತಾನೇ ಓಡಿಹೋಗುವ ಹಾಗೆ ಗಾಡಿ ಸ್ಟಾರ್ಟ್ ಮಾಡಿಟ್ಟುಕೊಂಡೇ ಕಾಗದ ಕೊಟ್ಟ.

ನಿಮ್ಮ ಸಮುದ್ರವನ್ನು ನೋಡಿದೆ. ನಿಮ್ಮ ಹಿಂದೆ ಒಬ್ಬ ಮುದುಕ ಅಂಗೈಯಷ್ಟು ಬಟ್ಟೆ ಸುತ್ತಿಕೊಂಡು ಮೈಯೆಲ್ಲ ಕೆಂಪಗೆ ಮರಳ ಮೇಲೆ ಬಿದ್ದಿದ್ದಾನಲ್ಲ, ನಮ್ಮೂರಲ್ಲಾಗಿದ್ದರೆ ಅಮ್ಮ ಎದ್ದಿದೆ ಅಂತ ಬೇವಿನ ಸೊಪ್ಪು ಹೊದಿಸುತ್ತಿದ್ದರು. ಇದನ್ನು ನೋಡಲು ನಾನು ವಿಮಾನ ಹತ್ತಬೇಕಾ? ನಾನು ಸಮುದ್ರ ಕಂಡದ್ದು ಒಂದೇ ಸಲ, ನಿಮ್ಮ ತಾತನ ಬೂದಿ ಬಿಡಲು ರಾಮೇಶ್ವರಕ್ಕೆ ಹೋದಾಗ. ನಮಗೆ ಸಮುದ್ರ ಅಂದರೆ ಸತ್ತವರ ಕೆಲಸಕ್ಕೆ ಹೋಗುವ ಜಾಗ. ಜನ ಅಲ್ಲಿಗೆ ನಗುತ್ತಾ ಹೋಗುತ್ತಾರೆ ಅಂತ ನೀನು ಬರೆದ ಮೇಲೆ ಗೊತ್ತಾಯಿತು.

ಈಗ ಫೋಟೋ. ನೀರು ತಣ್ಣಗಿತ್ತಂತೆ! ಯಾರಿಗೆ ಹೇಳುತ್ತೀಯ? ನೀನು ಮೊಣಕಾಲವರೆಗೆ ನೀರಲ್ಲಿ ನಿಂತು ಹಲ್ಲು ಬಿಡುತ್ತಿದ್ದೀಯ. ನಿನ್ನ ಗಂಡ ಒಣ ಮರಳಲ್ಲಿ ಚಪ್ಪಲಿ ಕೂಡ ಬಿಡದೆ ನಿಂತಿದ್ದಾನೆ, ಅಲೆ ಬಂದು ಕಾಲು ಹಿಡಿದೀತು ಅನ್ನುವ ಹಾಗೆ. ಹೊಸೂರಲ್ಲಿ ಗುಲಾಬಿ ಕೆಲಸಕ್ಕೆ ಬರುತ್ತಿದ್ದಾಗ ದಿನ ಬಿಟ್ಟು ದಿನ ಕೆನ್ನೆ ನುಣ್ಣಗೆ ಮಾಡಿಕೊಂಡು ಬರುತ್ತಿದ್ದ ಹುಡುಗ ಅವನು. ಈಗ ಗಡ್ಡ ಕುತ್ತಿಗೆ ಮುಚ್ಚಿದೆ, ಕೂದಲು ಕಿವಿ ಮುಚ್ಚಿದೆ.

ಬಸುರಿಯ ಗಂಡ ಕೂದಲು ತೆಗೆಸಬಾರದು, ಸಮುದ್ರಕ್ಕೆ ಇಳಿಯಬಾರದು. ಅವನ ಜನ ಬೇರೆ, ನಮ್ಮ ಜನ ಬೇರೆ ಅಂತ ನಿಮ್ಮಪ್ಪ ಕುಣಿದನಲ್ಲ, ಇದರಲ್ಲಿ ಇಬ್ಬರದೂ ಒಂದೇ. ನೀನು ಬಾಯಿ ಮುಚ್ಚಿಕೊಂಡಿದ್ದೀಯ, ನಿನ್ನ ಗಂಡನ ಗಡ್ಡ ಎಲ್ಲ ಹೇಳಿಬಿಟ್ಟಿದೆ. ಎಷ್ಟರಲ್ಲಿದ್ದೀಯ?

ನಿಮ್ಮಪ್ಪ ಇನ್ನೂ ಹಾಗೇ. ಕಾಗದ ಓದುತ್ತಿದ್ದಾಗ ಬಾಗಿಲಲ್ಲಿ ನಿಂತು, "ಏನಂತೆ?" ಅಂದ.

"ಯಾರ್ದು ಏನಂತೆ?"

"ಅದೇ, ಕಾಗ್ದದ್ದು."

"ಕಾಗ್ದಕ್ಕೆ ಹೆಸ್ರಿಲ್ವಾ? ಆ ಹೆಸ್ರು ಇಟ್ಟೋನು ನೀನೇ ಕಣ್ಲಾ."

ಎದ್ದು ತೋಟಕ್ಕೆ ಹೋದ. ನೀನು ಕೃಷ್ಣಗಿರಿ ರಿಜಿಸ್ಟರ್ ಆಫೀಸಲ್ಲಿ ಮಾಲೆ ಹಾಕಿಕೊಂಡ ದಿನದಿಂದ ನಿನ್ನ ಹೆಸರು ಅವನ ಬಾಯಲ್ಲಿ ಬಂದಿಲ್ಲ. ನಿನ್ನ ಗಂಡನ ಹೆಸರಂತೂ ಮೊದಲಿಂದಲೂ ಇಲ್ಲ. ಆದರೆ ಪೋಸ್ಟಿನವನ ಗಾಡಿ ಸದ್ದಾದರೆ ಗುಲಾಬಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸುತ್ತಾನೆ.

ನಾನು ಬರುತ್ತೇನೆ. ಸಮುದ್ರಕ್ಕಲ್ಲ, ನಿನಗೆ.

ಅಜ್ಜಿ


ಎಲ್ ಎಹಿದೋ
೧೪ ಏಪ್ರಿಲ್ ೨೦೨೫

ಅಜ್ಜೀ,

ನಿನ್ನ ಕಣ್ಣಿಗೆ ಪೊರೆ ಬಂದಿದೆ ಅಂತ ಯಾವ ಡಾಕ್ಟರು ಹೇಳಿದ್ದು? ಕರೆದುಕೊಂಡು ಬಾ ಅವನನ್ನು.

ಹೌದು. ನಾಲ್ಕು ತುಂಬುತ್ತಿದೆ. ಮೂರು ಕಳೆಯುವವರೆಗೆ ಯಾರಿಗೂ ಹೇಳಬಾರದು ಅಂತ ನೀನೇ ಕಲಿಸಿದ್ದು, ಈಗ ನನ್ನನ್ನೇ ಬೈಯುತ್ತೀಯ. ಆಸ್ಪತ್ರೆಯಲ್ಲಿ ಎದೆ ಬಡಿತ ಕೇಳಿಸಿದರು. ದೂರದಲ್ಲಿ ಯಾರೋ ಒನಕೆ ಹಾಕಿದ ಹಾಗಿತ್ತು. ಇವರು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟರು. ಆ ನರ್ಸು ನನ್ನನ್ನು ಬಿಟ್ಟು ಇವರಿಗೆ ನೀರು ಕೊಟ್ಟಳು.

ಕೂದಲು ಬಿಡು ಅಂತ ಇವರಿಗೆ ನಾನು ಹೇಳಿಲ್ಲ, ಇವರ ತಾಯಿಯೂ ಹೇಳಿಲ್ಲ. ವಿಷಯ ಗೊತ್ತಾದ ದಿನವೇ ರೇಜರನ್ನು ಪೆಟ್ಟಿಗೆಯೊಳಗೆ ಹಾಕಿಟ್ಟರು. ಜೊತೆ ಕೆಲಸದವರು ಸಾಧು ಅಂತ ರೇಗಿಸುತ್ತಾರೆ. ಪಾಲಿಹೌಸಿನ ಕಾವಿಗೆ ಗಡ್ಡದ ಒಳಗೆಲ್ಲ ಬೆವರುಸಾಲೆ. ತೆಗೆದುಬಿಡಿ, ಇಲ್ಲಿ ಯಾರು ನೋಡುತ್ತಾರೆ ಅಂದೆ. "ಮಗು ನೋಡ್ತದೆ" ಅಂದರು.

ನೆರ್ಹಾದಲ್ಲಿ ಮನೆ ಗೊತ್ತು ಮಾಡಿದ್ದೇವೆ. ಅಡುಗೆಮನೆ ಇದೆ. ರಾಗಿ ಹಿಟ್ಟು ತಾ, ಮುದ್ದೆ ಕಟ್ಟಿಕೊಂಡು ತಿನ್ನೋಣ. ನೀನೂ ನಾನೂ ನೀರಿಗೆ ಇಳಿಯುವುದು, ಇವರು ದಂಡೆಯಲ್ಲಿ ಕೊಡೆ ಹಾಕಿಕೊಂಡು ನಮ್ಮ ಚಪ್ಪಲಿ ಕಾಯುವುದು. ಹೀಗೆ ಮಾತಾಗಿದೆ.

ಒಂದು ಮಾತು. ಅಪ್ಪನಿಗೆ ಹೇಳಬೇಡ. ಮಗು ಅಂತ ಗೊತ್ತಾಗಿ ಮಾತಾಡಿದರೆ ಅದು ಮಗುವಿನ ಜೊತೆ ಆಡಿದ ಮಾತು, ನನ್ನ ಜೊತೆ ಆಡಿದ್ದಲ್ಲ. ಹೊಟ್ಟೆ ಚೆನ್ನಾಗಿ ಕಾಣಿಸಲಿ, ನಾನೇ ಅಪ್ಪನಿಗೆ ತಮಿಳಲ್ಲಿ ಬರೆಯುತ್ತೇನೆ.

ಪವಿತ್ರ


ಸಾನಮಾವು
೫ ಮೇ ೨೦೨೫

ಪವಿತ್ರಾ,

ಕೃಷ್ಣಗಿರಿಗೆ ಹೋಗಿ ಬೆರಳು ಒತ್ತಿ, ಫೋಟೋ ತೆಗೆಸಿಕೊಂಡು ಬಂದೆ. ಅಲ್ಲಿನ ಹುಡುಗಿ, "ಪಾಟಿ, ಸಿರಿಕ್ಕಾದೀಂಗ" ಅಂದಳು. ನಗಬೇಡವಂತೆ. ಈ ವಯಸ್ಸಿನಲ್ಲಿ ಮನೆ ಬಿಟ್ಟು ದೇಶ ಬಿಟ್ಟು ಹೋಗುವವಳಿಗೆ ನಗು ಎಲ್ಲಿಂದ ಬರುತ್ತದೆ ಅಂತ ಕೇಳಿದೆ. ಅವಳೇ ನಕ್ಕಳು.

ಕರೆದುಕೊಂಡು ಹೋದವನು ನಿಮ್ಮಪ್ಪ. ಯಾಕೆ, ಎಲ್ಲಿಗೆ ಅಂತ ಒಂದು ಮಾತು ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ನನ್ನನ್ನು ಕೂರಿಸಿ, ಬರುವಾಗ ಪುರಿ ಉಂಡೆ ಕೊಡಿಸಿದ. ನಾನು ಯಾರಿಗೂ ಏನೂ ಹೇಳಿಲ್ಲ, ನೀನು ಹೆದರಬೇಡ.

ಊರ ಸುದ್ದಿ ಅಂದರೆ ಇದು. ನಿಮ್ಮಪ್ಪ ಮನೆ ಪಕ್ಕದ ಎರಡು ಸಾಲು ಗುಲಾಬಿ ಕಿತ್ತು ಹಾಕಿದ. ಹೂವು ಬಿಡುತ್ತಿದ್ದ ಗಿಡಗಳು. ಆ ಜಾಗಕ್ಕೆ ಸಬ್ಬಸಿಗೆ ಚೆಲ್ಲಿದ್ದಾನೆ, ಬದುವಿನಲ್ಲಿ ಬೆಳ್ಳುಳ್ಳಿ ಊರಿದ್ದಾನೆ.

"ಯಾಕ್ಲಾ, ಹೂವು ಬೆಳ್ಯೋನು ಸೊಪ್ಪು ಬೆಳ್ಯಕ್ಕೆ ಹೊರಟ್ಯಾ?" ಅಂದೆ.

"ಹೂವು ಕೇಳೋರಿಲ್ಲ" ಅಂದ.

ಶಾಂತಿ ಬೇಲಿ ಮೇಲಿಂದ ಇಣುಕಿ, "ಸಬ್ಬಸಿಗೆ, ಬೆಳ್ಳುಳ್ಳಿ ಎಲ್ಡೂ ಒಟ್ಟಿಗೆ ಬಿದ್ದವಲ್ಲ ದೊಡ್ಡಮ್ಮ, ಯಾರ್ ಬಾಣಂತಿ ನಿಮ್ಮನೇಲಿ?" ಅಂದಳು. "ನಿನ್ ಕೋಳಿ ಮೊಟ್ಟೆ ಇಡ್ತದಂತೆ, ಅದಕ್ಕೆ" ಅಂದೆ.

ನಾನೂ ಒಣಶುಂಠಿ, ಓಮ, ಮೆಂತ್ಯ ಒಣಗಿಸುತ್ತಿದ್ದೇನೆ. ಸಮುದ್ರ ನೋಡಿಕೊಂಡು, ಹಾಗೇ ಬಾಣಂತನ ಮುಗಿಸಿಯೇ ಬರುತ್ತೇನೆ. ನೀರಿಗೆ ಸೀರೆಯಲ್ಲೇ ಇಳಿಯುವುದು, ಈಗಲೇ ಹೇಳಿದ್ದೇನೆ. ಅಲ್ಲಿ ಯಾರಾದರೂ ನಕ್ಕರೆ ನಕ್ಕುಕೊಳ್ಳಲಿ, ಅವರನ್ನು ನೋಡಿ ನಾನು ನಗುವುದು ಇನ್ನೂ ಜಾಸ್ತಿ ಇದೆ.

ಎಡಗಡೆ ತಿರುಗಿ ಮಲಗು. ಅವನ ಬೆವರುಸಾಲೆಗೆ ಬೇವಿನ ನೀರು ಒಳ್ಳೆಯದು. ಬೇವು ಸಿಗದಿದ್ದರೆ ತಣ್ಣೀರು ಬಟ್ಟೆ ಒತ್ತು.

ಅಜ್ಜಿ


ಎಲ್ ಎಹಿದೋ
೨೨ ಮೇ ೨೦೨೫

ಅಜ್ಜೀ,

ಕಾಗದ ಬಂತು. ನೀನು ಈಗ ಬರುವುದು ಬೇಡ. ವೀಸಾಕ್ಕೆ ಕೊಡಬೇಕಾದ ಪತ್ರಗಳು ತಡವಾಗಿವೆ. ಇಲ್ಲಿ ಸೆಖೆಯೂ ಜಾಸ್ತಿ. ನೆರ್ಹಾದ ಮನೆಗೆ ಮೆಟ್ಟಿಲು ತುಂಬ ಅಂತ ಆಮೇಲೆ ಗೊತ್ತಾಯಿತು, ನಿನ್ನ ಮಂಡಿಗೆ ಆಗುವುದಿಲ್ಲ.

ನಾವಿಬ್ಬರೂ ಚೆನ್ನಾಗಿದ್ದೇವೆ. ಗಿಡ ಕೀಳುವ ಕೆಲಸ ಶುರುವಾಗಿದೆ. ಪ್ಲಾಸ್ಟಿಕ್ಕಿನ ಮೇಲೆ ಸುಣ್ಣ ಹೊಡೆಯುತ್ತಾರೆ, ಎಲ್ಲ ಕಡೆ ಕಣ್ಣು ಕುಕ್ಕುವ ಹಾಗೆ ಬಿಳಿ.

ಅಪ್ಪ ಆ ಗುಲಾಬಿ ಯಾಕೆ ಕಿತ್ತರು? ಅದು ಅಮ್ಮ ನೆಟ್ಟಿದ್ದ ಸಾಲು ಅಲ್ಲವಾ?

ಶುಂಠಿ ಒಣಗಿಸುವುದು ಬೇಡ.

ಪವಿತ್ರ


ಸಾನಮಾವು
೧೨ ಜೂನ್ ೨೦೨೫

ಪವಿತ್ರಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಮೆಟ್ಟಿಲಂತೆ, ಮಂಡಿಯಂತೆ. ರಾಗಿ ಹೊಲದ ಅಟ್ಟಣೆ ಏರಿ ಕೂತು ಆನೆಗೆ ತಮಟೆ ಹೊಡೆದವಳು ನಾನು, ನಿನ್ನ ಮೆಟ್ಟಿಲಿಗೆ ಹೆದರುತ್ತೀನಾ? ಸೀರೆ ಉಟ್ಟ ಹಳ್ಳಿ ಮುದುಕಿಯನ್ನು ಅಲ್ಲಿನವರಿಗೆ ತೋರಿಸಲು ನಾಚಿಕೆಯಾಯಿತಾ ಅಂತ ಬರೆಯಲು ಕೂತೆ. ಬರೆದು ಹರಿದು ಹಾಕಿದೆ.

ಆಮೇಲೆ ಅನ್ನಿಸಿತು, ನಿನಗೆ ಗೊತ್ತಾಗಿದೆ ಅಂತ. ಹೌದು, ನಿಮ್ಮಪ್ಪನಿಗೆ ನಾನು ಹೇಳಿದೆ. ನೀನು ಬೇಡ ಅಂದಿದ್ದೆ. ಕೃಷ್ಣಗಿರಿ ಬಸ್ಸಿನಲ್ಲಿ ಹೇಳಿಬಿಟ್ಟೆ. ಅವನು ಕಿಟಕಿಯಿಂದ ಆಚೆ ನೋಡುತ್ತಲೇ ಇದ್ದ. ಶೂಲಗಿರಿ ದಾಟಿದ ಮೇಲೆ, "ಸಬ್ಬಸಿಗೆ ಬೀಜ ಹೊಸೂರಲ್ಲಿ ಸಿಗ್ತದಾ, ಬೇರಿಕೆ ಸಂತೆಗೇ ಹೋಗ್ಬೇಕಾ?" ಅಂದ. ಅಷ್ಟೇ ಅವನು ಅಂದದ್ದು. ಮಾರನೆಯ ದಿನ ಗುಲಾಬಿ ಕಿತ್ತ. ನಿಮ್ಮಮ್ಮ ನೆಟ್ಟಿದ್ದ ಸಾಲೇ ಅದು. ಅವಳಿದ್ದಿದ್ದರೆ ಅವಳೇ ಕಿತ್ತು ಸೊಪ್ಪು ಹಾಕುತ್ತಿದ್ದಳು ಅಂತ ನಾನು ಸುಮ್ಮನಿದ್ದೆ. ಈಗ ನಡುಮನೆ ತೊಲೆಗೆ ತೊಟ್ಟಿಲ ಕೊಂಡಿ ಬಡಿದಿದ್ದಾನೆ. ನಿನ್ನ ಮಾತು ಮೀರಿದೆ ಅಂತ ನೀನು ಬೈಯಬಹುದು, ಬೈ.

ಆದರೆ ನೀನು ಬೈದಿಲ್ಲ. ಅದೇ ನನಗೆ ನಿದ್ದೆ ಕೆಡಿಸಿದೆ. ನೀನು ಸಿಟ್ಟು ಬಂದರೆ ಎರಡು ಹಾಳೆ ಬರೆಯುವವಳು, ಅರ್ಧ ಹಾಳೆಯವಳಲ್ಲ. ಮತ್ತೆ ಮತ್ತೆ ಓದಿದೆ. ನಾವಿಬ್ಬರೂ ಚೆನ್ನಾಗಿದ್ದೇವೆ ಅಂತ ಬರೆದಿದ್ದೀಯ. ಹೊಟ್ಟೆಯ ಮಾತು ಒಂದೂ ಇಲ್ಲ. ಫೋಟೋ ಇಲ್ಲ. ಶುಂಠಿ ಬೇಡ ಅಂದಿದ್ದೀಯ.

ಶಾಂತಿಯ ಫೋನಿನಿಂದ ಮಾಡಿಸೋಣ ಅಂತ ಅವಳ ಬಾಗಿಲ ತನಕ ಹೋಗಿ ವಾಪಸ್ಸು ಬಂದೆ. ಬೀದಿಯ ಮುಂದೆ ನಿನ್ನನ್ನು ಏನಂತ ಕೇಳಲಿ?

ಎಲ್ಲ ಬರೆಯಲು ಕೈ ಬಾರದಿದ್ದರೆ ಬರೆಯಬೇಡ. ನೀವು ಆ ಊರಿಗೆ ಹೋಗುತ್ತೀರಲ್ಲ, ಅಲ್ಲಿಂದ ಒಂದೇ ಮಾತು ಬರೆ. ಕುಮಾರೇಶ ನೀರಿಗಿಳಿದನಾ? ಅಷ್ಟು ಬರೆದರೆ ಸಾಕು, ಉಳಿದದ್ದು ನನಗೆ ಅರ್ಥವಾಗುತ್ತದೆ.

ದೇವರು ದೊಡ್ಡವನು, ಇಳಿದಿಲ್ಲ ಅಂತಲೇ ಬರೆ.

ಅಜ್ಜಿ


ನೆರ್ಹಾ
೫ ಜುಲೈ ೨೦೨೫

ಅಜ್ಜೀ,

ಇಳಿದರು.

ಇಷ್ಟೇ ಬರೆದು ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ.

ಮಗು ಹೋದದ್ದು ಏಪ್ರಿಲ್ ಕೊನೆಯಲ್ಲಿ. ನೀನು ಶುಂಠಿ ಒಣಗಿಸುತ್ತಿದ್ದೇನೆ ಅಂತ ಬರೆದೆಯಲ್ಲ, ಆಗಲೇ ಮುಗಿದಿತ್ತು. ಬಡಿತ ಹುಡುಕಿ ಹುಡುಕಿ ಆ ನರ್ಸು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ನನ್ನ ತಪ್ಪಿಲ್ಲ, ಯಾರ ತಪ್ಪೂ ಇಲ್ಲ ಅಂತ ಡಾಕ್ಟರು ಹೇಳಿದರು. ನನ್ನ ಮೈ ಈಗ ಪರವಾಗಿಲ್ಲ, ಅದರ ಚಿಂತೆ ಬೇಡ.

ಇವರು ಕೂದಲು ತೆಗೆಸಲೇ ಇಲ್ಲ. ಮೇ ಹೋಯಿತು, ಜೂನ್ ಹೋಯಿತು. ಆ ಗಡ್ಡದ ಜೊತೆ ಒಂದು ಮನೆಯಲ್ಲಿ ಇರುವುದು ಹೇಗಿತ್ತು ಅಂತ ನಿನಗೆ ಹೇಳಲಾರೆ. ತೆಗೆಸಿ ಅನ್ನಲು ನನಗೆ ಬಾಯಿ ಬರಲಿಲ್ಲ. ಈ ರಜೆ ಬೇಡ ಅಂದರೂ ಇವರು ಕೇಳಲಿಲ್ಲ, ಹೋಗೋಣ ಅಂತ ಕರೆದುಕೊಂಡು ಬಂದರು.

ಬಂದ ಮಾರನೆಯ ಬೆಳಿಗ್ಗೆ ಹೇಳದೆ ಎಲ್ಲೋ ಹೋದರು. ನಾನು ದಂಡೆಯಲ್ಲಿ ಕೊಡೆಯ ಕೆಳಗೆ ಕೂತಿದ್ದೆ. ಒಬ್ಬ ಗಂಡಸು ಮರಳಲ್ಲಿ ನಡೆದುಕೊಂಡು ಬಂದ. ತಲೆಯೂ ಕೆನ್ನೆಯೂ ನುಣ್ಣಗೆ, ಗಡ್ಡ ಇದ್ದ ಕಡೆಯೆಲ್ಲ ಬಿಳಿಚಿಕೊಂಡಿತ್ತು. ಹತ್ತಿರ ಬಂದು ಚಪ್ಪಲಿ ನನ್ನ ಪಕ್ಕ ಬಿಟ್ಟಾಗಲೇ ಗುರುತು ಸಿಕ್ಕಿದ್ದು. ಅಂಗಿ ಪ್ಯಾಂಟಲ್ಲೇ ನೀರೊಳಕ್ಕೆ ಹೋದರು. ಈಜಲಿಲ್ಲ, ಮುಳುಗಲಿಲ್ಲ. ಎದೆಮಟ್ಟದಲ್ಲಿ ನಿಂತುಕೊಂಡರು. ಸುತ್ತ ಮಕ್ಕಳು ಬಣ್ಣದ ಬಕೀಟು ಹಿಡಿದು ಕಿರುಚುತ್ತಿದ್ದವು.

ನಾನು ಚಪ್ಪಲಿ ಕಾದೆ.

ಅಪ್ಪನಿಗೆ ನೀನೇ ಹೇಳು. ಕೊಂಡಿ ತೆಗೆಯಲಿ. ಆ ಜಾಗಕ್ಕೆ ಮತ್ತೆ ಗುಲಾಬಿ ಹಾಕಲಿ.

ಪವಿತ್ರ


ಸಾನಮಾವು
೨೮ ಜುಲೈ ೨೦೨೫

ಮಗಾ,

ನಿನ್ನ ಕಾಗದವನ್ನು ಹಿತ್ತಲ ಬಾಗಿಲಲ್ಲಿ ಕೂತು ಓದಿದೆ. ಮೊದಲ ಮಾತು ಓದಿ ಕನ್ನಡಕ ತೆಗೆದಿಟ್ಟೆ. ಉಳಿದದ್ದನ್ನು ಒಲೆ ಹಚ್ಚಿ, ಅನ್ನಕ್ಕೆ ಇಟ್ಟು, ಬಂದು ಓದಿದೆ.

ನಿಮ್ಮಪ್ಪ ತೋಟದಿಂದ ಬಂದು, "ಏನಂತೆ?" ಅಂದ. ಯಾರದು ಅಂತ ಈ ಸಲ ಕೇಳಲಿಲ್ಲ ನಾನು. "ಕೂತ್ಕೋ" ಅಂದೆ. ಇಷ್ಟು ದಿನ ನಿನ್ನ ಕಾಗದದಲ್ಲಿ ನನಗೆ ಬೇಕಾದದ್ದನ್ನು ಮಾತ್ರ ಅವನಿಗೆ ಹೇಳುತ್ತಿದ್ದೆ. ಇದನ್ನು ಒಂದು ಅಕ್ಷರ ಬಿಡದೆ ಓದಿದೆ. ಅವನು ಕೂರಲಿಲ್ಲ, ತೊಲೆಯ ಕೆಳಗೆ ನಿಂತುಕೊಂಡೇ ಕೇಳಿದ. ಆ ಜನದವನನ್ನು ಕಟ್ಟಿಕೊಂಡದ್ದಕ್ಕೇ ಹೀಗಾಯಿತು ಅಂತ ಏನಾದರೂ ಅಂದರೆ ಸೌದೆ ತೆಗೆದುಕೊಂಡು ಹೊಡೆಯಬೇಕು ಅಂತ ನಾನು ಒಲೆ ಪಕ್ಕ ಕೈ ಇಟ್ಟಿದ್ದೆ.

"ಕೂದ್ಲು ತೆಗ್ಸೋವಾಗ ಜೊತೇಲಿ ಯಾರಿದ್ರಂತೆ?" ಅಂದ.

"ಯಾರೂ ಇರ್ಲಿಲ್ಲ ಕಣ್ಲಾ. ಒಬ್ನೇ ಹೋಗಿದ್ನಂತೆ."

"ಒಬ್ನೇನಾ?" ಅಂದ. ಟವಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ನಿನಗೆ ಗೊತ್ತಿಲ್ಲ. ನಿನಗಿಂತ ಮೊದಲು ನಿಮ್ಮಮ್ಮನ ಹೊಟ್ಟೆಯಲ್ಲೂ ಒಂದು ನಿಂತು ಹೋಗಿತ್ತು. ನಾವು ಹೆಂಗಸರೆಲ್ಲ ಅವಳ ಸುತ್ತ ಕೂತು, ತಲೆ ನೇವರಿಸಿ, ಬಿಸಿನೀರು ಹುಯ್ದೆವು. ನಿಮ್ಮಪ್ಪನಿಗೂ ಆಗ ಗಡ್ಡ ಹೀಗೇ ಇತ್ತು. ಒಂದು ದಿನ ಬೇರಿಕೆಗೆ ಹೋಗಿ ನುಣ್ಣಗೆ ಮಾಡಿಸಿಕೊಂಡು ಬಂದ. ತಟ್ಟೆ ಇಟ್ಟೆವು, ಉಂಡು ಎದ್ದ. ಅವತ್ತು ಅವನ ಮುಖ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಬರುವುದಿಲ್ಲ. ಯಾರು ನೋಡಿದ್ದರು?

ಸಬ್ಬಸಿಗೆ ಆಳೆತ್ತರ ಆಗಿ ಹೂ ಬಿಟ್ಟಿದೆ, ಹಳದಿ ಕೊಡೆ ಹಿಡಿದ ಹಾಗೆ. ಶಾಂತಿ ಬಂದು, "ಬಲ್ತೋಗದೆ, ಕಿತ್ತಾಕ್ಬಾರ್ದಾ ಅಣ್ಣ?" ಅಂದಳು. "ಇರ್ಲಿ ಬಿಡು" ಅಂದ. ಕೊಂಡಿಯನ್ನೂ ತೆಗೆದಿಲ್ಲ. ನಾನೂ ತೆಗಿ ಅನ್ನಲಿಲ್ಲ.

ಇವತ್ತು ಬೆಳಿಗ್ಗೆ ನಾನು ಇದನ್ನು ಬರೆಯಲು ಕೂತಾಗ ಬಂದು ಮಡಚಿದ ಹಾಳೆ ಕೊಟ್ಟ. ಎರಡೂ ಕಡೆ ಒತ್ತೊತ್ತಾಗಿ ಬರೆದಿದ್ದಾನೆ.

"ಏನ್ಲಾ ಬರ್ದಿದ್ದೀಯ? ಮಗ್ಳಿಗಾ?"

"ಅವ್ಳಿಗೆ ನೀನ್ ಬರೀತಿದ್ದೀಯಲ್ಲ. ಅವ್ಳತ್ರ ಮಾತಾಡಕ್ಕೆ ನಾನೇ ಫೋನ್ ಮಾಡ್ತೀನಿ."

"ಮತ್ತೆ ಯಾರಿಗೆ ಇದು?"

"ಕುಮಾರೇಶನಿಗೆ."

ಆ ಹೆಸರು ಈ ಮನೆಯಲ್ಲಿ ಅವನ ಬಾಯಿಂದ ಬಂದದ್ದು ಇದೇ ಮೊದಲು. ಏನು ಬರೆದಿದ್ದಾನೋ ಗೊತ್ತಿಲ್ಲ ಮಗಾ, ಎಲ್ಲ ತಮಿಳು. ನನಗೆ ಬಸ್ಸಿನ ಬೋರ್ಡು ಕೂಡ ಓದಲು ಬರುವುದಿಲ್ಲ. ಶಾಂತಿಯ ಕೈಲಿ ಓದಿಸಬಹುದಿತ್ತು. ಬೇಲಿ ತನಕ ಹೋದೆ ಕೂಡ. ಓದಿಸಲಿಲ್ಲ. ಹಾಗೇ ಇದರೊಳಗೆ ಇಟ್ಟಿದ್ದೇನೆ.

ನೀನೂ ಬಿಚ್ಚಬೇಡ, ಅವನ ಕೈಗೇ ಕೊಡು. ಕೊಟ್ಟು ಪಕ್ಕದಲ್ಲಿ ನಿಲ್ಲಬೇಡ, ಒಳಗೆ ಹೋಗಿ ಅಡುಗೆ ಮಾಡು.

ನನ್ನ ಪಾಸ್‌ಪೋರ್ಟ್ ಬಂದಿದೆ, ಟ್ರಂಕಿನಲ್ಲಿ ಸೀರೆ ಕೆಳಗಿದೆ. ಅದರಲ್ಲಿ ನನ್ನ ಮುಖ ಹೆಣದ ಹಾಗಿದೆ. ನೀನು ಬಾ ಅಂದ ದಿನ ಹೊರಡುತ್ತೇನೆ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ.

ನಿಮ್ಮಪ್ಪ ಅದರಲ್ಲಿ ಏನು ಬರೆದಿದ್ದ, ಅದಕ್ಕೆ ಕುಮಾರೇಶ ಏನಂದ, ಅದೆಲ್ಲ ನನಗೆ ಬರೆಯಬೇಡ. ಓದಿದ ಮೇಲೆ ಹೊಟ್ಟೆ ತುಂಬ ಉಂಡನಾ, ಅಷ್ಟು ಬರೆ.

ಅಜ್ಜಿ